ನಿರ್ದೇಶಕರ ಸಕುಟುಂಬ ಬೇಸಿಗೆ ಪ್ರವಾಸ

ನಿಯಾಮೆ ನಗರದ ಫ್ರೆಂಚ್ ಭಾಷಾ ಸೌಹಾರ್ದ ನಿರ್ದೇಶನಾಲಯದ ನಿರ್ದೇಶಕರಾದ ಸುಮಾನಾ ಜಿಬೊ ಅವರು ಜುಲೈ ಹದಿನೈದರಿಂದ ಆಗಸ್ಟ್ ಹದಿನೈದರವರೆಗೆಂದು ಮಂಜೂರಾದಂತೆ ಆಬಿಜಾನ್, ಲೋಮೆ ಹಾಗೂ ಡಾಕರ್ ನಗರಗಳಿಗೆ ಸಕುಟುಂಬ ಬೇಸಿಗೆ ಪ್ರವಾಸ ಕೈಗೊಂಡು, ಪ್ರವಾಸ ಮುಗಿಯುವವರೆಗೂ ತಮ್ಮ ಮನೆಯಲ್ಲೇ ಇದ್ದರು. ಪ್ರವಾಸದ ಕಡತ ನೋಡಿಕೊಂಡ ಗುಮಾಸ್ತ ನಾನೇ ಆದ್ದರಿಂದ ಈ ಮಾತಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಆ ತಿಂಗಳುಗಳಲ್ಲಿ ನಮ್ಮಲ್ಲಿ ಮಳೆಗಾಲ. ಆದರೆ ಪ್ಯಾರಿಸ್‌ನಲ್ಲಿ ಬೇಸಿಗೆ. ಕಚೇರಿಯ ನಮೂನೆಗಳೆಲ್ಲ ಒಂದು ಕಾಲದಲ್ಲಿ ಅಲ್ಲಿಂದ ಬಂದವು, ಹಾಗಾಗಿ ನಾವೂ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿಯೇ ಬೇಸಿಗೆ ಎಂದು ಬರೆಯುತ್ತೇವೆ. ಫ್ರೆಂಚ್ ಆಡುವ ಮೂರು ನಗರಗಳನ್ನು ಹೆಂಡತಿ ಮಕ್ಕಳೊಂದಿಗೆ ಸುತ್ತಿ ಬಾರದ ನಿರ್ದೇಶಕರಿಗೆ ಸೌಹಾರ್ದ ಅರ್ಥವಾಗುವುದಿಲ್ಲ ಎಂದು ಸುತ್ತೋಲೆ ಹೇಳುತ್ತದೆ. ಅದಕ್ಕೆಂದು ಮಂಜೂರಾದ ಹಣ ಮಾರ್ಚ್‌ನಲ್ಲಿ ಬಂದು, ಏಪ್ರಿಲ್‌ನಲ್ಲಿ ಸಾಹೇಬರ ಮನೆಯ ಮೇಲ್ಮಹಡಿಯಾಗಿತ್ತು. ಮಹಡಿಯನ್ನು ವಿಮಾನ ಹತ್ತಿಸಲು ಬರುವುದಿಲ್ಲ.

ನಮ್ಮಲ್ಲಿ ಒಬ್ಬರು ಇನ್ನೊಂದು ಊರಿಗೆ ಹೋಗಿದ್ದರು ಅನ್ನುವುದಕ್ಕೆ ಪುರಾವೆ ಒಂದೇ. ಪ್ರಯಾಣದ ಆದೇಶಪತ್ರದ ಬೆನ್ನಿಗೆ ಆ ಊರಿನ ಅಧಿಕಾರಿ ‘ಬಂದರು’ ಎಂದೊಂದು, ‘ಹೊರಟರು’ ಎಂದೊಂದು ಮೊಹರು ಒತ್ತಿರಬೇಕು. ಕಚೇರಿ ಎದುರಿನ ಬೇವಿನ ಮರದಡಿ ರಬ್ಬರು ಕೊರೆಯುವ ಕಾದ್ರಿ ಮೂರೂ ಊರಿನ ಮೊಹರುಗಳನ್ನು ಒಂದೇ ಮಧ್ಯಾಹ್ನ ನನಗೆ ಮಾಡಿಕೊಟ್ಟ.

“ಸಾಹೇಬ್ರೇ, ಲೋಮೆಗೆ ಒಂದು ತೆಂಗಿನ ಮರ ಹಾಕ್ಲಾ? ಚೆಂದ ಕಾಣುತ್ತೆ.”

“ಹಾಕಪ್ಪ. ಮಕ್ಕಳು ಸಮುದ್ರ ನೋಡಿದಂಗೂ ಆಗುತ್ತೆ,” ಅಂದೆ.

ಪ್ರವಾಸದಲ್ಲಿರುವವರು ಊರಿನಲ್ಲಿ ಕಾಣಿಸಿಕೊಂಡರೆ ಕೆಲಸ ಹೋಗುತ್ತದೆ. ಆದ್ದರಿಂದ ಕುಟುಂಬವು ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಂಡು ಆಬಿಜಾನ್ ತಲುಪಿತು. ಕೇರಿಯವರು ಪೂರ್ಣ ಸಹಕಾರ ಕೊಟ್ಟರು. ಬ್ರೆಡ್ಡಿನವನು ಹಿಂಬಾಗಿಲಲ್ಲಿ ಬ್ರೆಡ್ಡಿಟ್ಟು, ಶುಭಪ್ರಯಾಣ ಕೋರಿ ಹೋಗುತ್ತಿದ್ದ. ನಿರ್ದೇಶಕರ ಹೆಂಡತಿ ಹಮ್ಸಾತುವಿನ ಸೋದರತ್ತೆಯ ಮಗಳು ಬಿಬಾತಾ ಮಾತ್ರ ಸುಮ್ಮನಿರಲಿಲ್ಲ. ಸೋದರತ್ತೆ, ಸೋದರಮಾವನ ಮಕ್ಕಳು ಒಬ್ಬರನ್ನೊಬ್ಬರು ಹೀಯಾಳಿಸುವುದು ನಮ್ಮಲ್ಲಿ ಹುಟ್ಟಿನಿಂದ ಬಂದ ಹಕ್ಕು, ಅದನ್ನು ಯಾವ ಸುತ್ತೋಲೆಯೂ ಕಿತ್ತುಕೊಳ್ಳಲಾಗದು.

“ಏ ಹಮ್ಸಾತು, ಆಬಿಜಾನ್‌ನಲ್ಲಿ ಮಳೆನೇನೇ? ನಿನ್ನ ಬಟ್ಟೆ ಇಲ್ಲಿ ಹಿತ್ತಲಲ್ಲಿ ನೆನೀತಾ ಇದೆ.”

“ಮುಚ್ಚೇ ಬಾಯಿ. ನಾನಿಲ್ಲಿ ಇಲ್ಲ.”

ಕುಟುಂಬ ಲೋಮೆಯಲ್ಲಿದ್ದಾಗ ಹಮ್ಸಾತುವಿನ ತಂದೆ, ನೇಕಾರ ಬೂರೇಮಾ, ಹಾಸಿಗೆ ಹಿಡಿದರು. ಅವರ ಮನೆ ಪಕ್ಕದ್ದೇ. ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಮುದುಕರು ದಿನಕ್ಕೆ ಹತ್ತು ಸಲ ಮಗಳನ್ನು ಕೇಳುತ್ತಿದ್ದರು. ಅವಳು ಪ್ರವಾಸದಲ್ಲಿದ್ದಾಳೆ ಎಂದು ಮನೆಯವರು ಹತ್ತು ಸಲವೂ ಹೇಳುತ್ತಿದ್ದರು. ಎರಡೂ ಮಾತು ಗೋಡೆಯ ಈಚೆ ಕುಳಿತವಳಿಗೆ ಕೇಳಿಸುತ್ತಿತ್ತು.

“ಒಂದ್ಸಲ ಮುಖ ನೋಡ್ಕೊಂಡು ಬರ್ತೀನಿ ರೀ,” ಅಂದಳು ಗಂಡನಿಗೆ.

ನಿರ್ದೇಶಕರು ಕಡತ ನೋಡಿದರು. “ಇವತ್ತು ಲೋಮೆಯಿಂದ ಡಾಕರ್‌ಗೆ ಹಾರ್ತಾ ಇದೀವಿ. ಮಧ್ಯೆ ಎಲ್ಲಿ ಇಳಿಯೋಕಾಗುತ್ತೆ?”

ಬುಧವಾರ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಬೂರೇಮಾ ತೀರಿಕೊಂಡರು. ಕಡತಕ್ಕೆ ಸಹಿ ಹಾಕಿಸಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ. ಹಮ್ಸಾತು ಚಪ್ಪಲಿಯನ್ನೂ ಮೆಟ್ಟದೆ ಹೊರಟಳು. ನಿರ್ದೇಶಕರು ಅಡ್ಡ ಬಂದರು. ಅವರ ಕಣ್ಣೂ ಒದ್ದೆಯಾಗಿತ್ತು, ಇಲ್ಲವೆನ್ನಲಾರೆ.

“ನೀನು ಡಾಕರ್‌ನಲ್ಲಿದೀಯ ಕಣೇ. ಸಿಕ್ಕಿಬಿದ್ರೆ ಕೆಲಸ ಹೋಗುತ್ತೆ, ಮನೆ ಹೋಗುತ್ತೆ, ಮಕ್ಕಳು ಬೀದಿಗೆ ಬರ್ತಾರೆ. ಅಳೋದಾದ್ರೆ ಮೆಲ್ಲಗೆ ಅಳು.”

ಅವಳು ನನ್ನ ಕಡೆ ತಿರುಗಿದಳು. “ಅಣ್ಣಾ, ನಿಮ್ಮ ಪುಸ್ತಕದಲ್ಲಿ ಏನೂ ಇಲ್ವಾ?”

ಇತ್ತು. ನಿಯಮ ಒಂಬತ್ತು: ಹತ್ತಿರದ ಬಂಧು ಮರಣಿಸಿದಲ್ಲಿ ಪ್ರವಾಸವನ್ನು ಮೊಟಕುಗೊಳಿಸಿ, ಮೊದಲು ಸಿಗುವ ವಿಮಾನದಲ್ಲಿ ಹಿಂದಿರುಗತಕ್ಕದ್ದು. ನಾನು ವೇಳಾಪಟ್ಟಿ ತೆಗೆದೆ. ಡಾಕರ್‌ನಿಂದ ವಿಮಾನ ಬರುವುದು ಗುರುವಾರ. ನಮ್ಮಲ್ಲಿ ಸತ್ತವರನ್ನು ಅದೇ ದಿನ ಮಣ್ಣು ಮಾಡುತ್ತಾರೆ, ಗುರುವಾರದವರೆಗೆ ಕಾಯುವುದಿಲ್ಲ. ಆ ಹೊತ್ತು ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಆದರೆ ನಮೂನೆಯಲ್ಲಿ ಹೇಸಿಗೆಗೆ ಜಾಗವಿರಲಿಲ್ಲ. ನಾನು ‘ಗುರುವಾರ’ ಎಂದು ತುಂಬಿದೆ.

ಮಧ್ಯಾಹ್ನ ಗೋಡೆಯಾಚೆ ಹೆಣ ತೊಳೆದರು, ಬಿಳಿ ಬಟ್ಟೆ ಸುತ್ತಿದರು, ಪ್ರಾರ್ಥನೆ ಮಾಡಿ ಹೊತ್ತೊಯ್ದರು. ಹಮ್ಸಾತು ಗೋಡೆಗೆ ಹಣೆ ಒತ್ತಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು.

ಗುರುವಾರ ಬೆಳಿಗ್ಗೆ ಇಲಾಖೆಯ ಜೀಪಿನಲ್ಲಿ ತಾಡಪಾಲಿನಡಿ ಮಲಗಿಸಿ ನಿರ್ದೇಶಕರ ಕುಟುಂಬವನ್ನು ವಿಮಾನ ನಿಲ್ದಾಣಕ್ಕೆ ಸಾಗಿಸಿದೆವು. ವಿಮಾನ ಇಳಿಯಿತು. ಪ್ರಯಾಣಿಕರ ಗುಂಪಿನೊಂದಿಗೆ ಅವರೂ ಹೊರಬಂದರು. ಸ್ವಾಗತಿಸಲು ಕೇರಿಗೆ ಕೇರಿಯೇ ನೆರೆದಿತ್ತು. ಬಿಬಾತಾ ಕೂಡ ಬಂದಿದ್ದಳು. ಅವತ್ತು ಹೀಯಾಳಿಸಲಿಲ್ಲ, ಕೈಚೀಲ ಇಸಿದುಕೊಂಡಳು.

ಸೂತಕದ ಮನೆಯಲ್ಲಿ ಚಾಪೆ ಹಾಸಿ ಹಮ್ಸಾತುವನ್ನು ನಡುವೆ ಕೂರಿಸಿದರು. ಅಷ್ಟು ದೂರದಿಂದ ಓಡಿ ಬಂದಳಲ್ಲ ಎಂದು ಹೆಂಗಸರು ಹೊಗಳಿದರು. ಅಪ್ಪ ಹೇಗೆ ಹೋದರು, ಎಷ್ಟು ಸಲ ಅವಳ ಹೆಸರು ಹಿಡಿದರು ಎಂಬುದನ್ನು ಮೊದಲಿನಿಂದ ವಿವರಿಸಿದರು. ಅವಳು ಮೊದಲ ಸಲ ಕೇಳುವವಳಂತೆ ಕೇಳಿದಳು.

ಹಮ್ಸಾತುವಿನ ತಮ್ಮ ಸೇನಿ ಅವಳ ಕೈ ಹಿಡಿದುಕೊಂಡ. “ನೀನೇನು ಮಾಡೋಕಾಗ್ತಿತ್ತಕ್ಕ. ಅಷ್ಟು ದೂರ ಇದ್ದೆ.”

ಹಮ್ಸಾತು ಆ ಮಣ್ಣಿನ ಗೋಡೆಯ ಕಡೆ ನೋಡಿದಳು.

“ಹೌದು ಕಣೋ,” ಅಂದಳು. “ತುಂಬಾ ದೂರ ಇದ್ದೆ.”