ನೆಂಟಸ್ತಿಕೆಯಿಲ್ಲದ ಕೇಳುಗ ಬೇಕಾಗಿದ್ದಾನೆ

ಲೋಕಕ್ಕೆ ಒಳ್ಳೆಯ ಹಾಡನ್ನು ಕೇಳಿಸಬೇಕೆಂದು ಹೊರಟವರಿಗೆ ಲೋಕವು ಮೊದಲು ತನ್ನ ಮಾತನ್ನೇ ಕೇಳಿಸಿಬಿಡುತ್ತದೆ. ಕನ್ನಡ ಎಂ.ಎ. ಮುಗಿಸಿ, ಕಲೆಯಿಂದ ಸಮಾಜವನ್ನು ತಿದ್ದಬಹುದೆಂಬ ನಂಬಿಕೆಯನ್ನು ಇನ್ನೂ ಮಡಚಿ ಪೆಟ್ಟಿಗೆಯೊಳಗೆ ಇಡದ ನನ್ನಂಥವಳಿಗೆ ಇಂಥ ಪ್ರಸಂಗಗಳು ಒದಗುತ್ತಲೇ ಇರುತ್ತವೆ. ನಮ್ಮ ಊರಿನ ಖಾಸಗಿ ಬಸ್ಸುಗಳಿಗೆ ಟೇಪ್‌ರೆಕಾರ್ಡರ್ ಬಂದ ಹೊಸತರಲ್ಲಿ ನಾನೂ ನನ್ನ ನೆರೆಮನೆಯ ಗೆಳತಿಯೂ ಸೇರಿ ಒಂದು ಕ್ಯಾಸೆಟ್ಟು ಮಾಡಿದೆವು. ಅದರ ಸುತ್ತ ನಡೆದ ಕೆಲವನ್ನು ಇಲ್ಲಿ ಹೇಳುತ್ತೇನೆ.

ರಸಗಳ ಸರದಿ

ವಾಮಂಜೂರಿನಲ್ಲಿ ನಮ್ಮದು ತುಳು ಮಾತಾಡುವ ಮನೆ, ಬೇಲಿಯಾಚೆ ಅವಳದು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆ. ಅವಳು ಹಗಲು ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಸಂಜೆ ಗಿಟಾರು ಹಿಡಿದು ತಾನೇ ಹಾಡು ಕಟ್ಟುವವಳು. ಅವಳಂಥವರು ಊರಿನಲ್ಲಿ ಇನ್ನೂ ಕೆಲವರಿದ್ದರು. ಮದುವೆಮನೆಗಳಲ್ಲಿ ಪರರ ಹಾಡನ್ನು ಹಾಡಿ, ಮನೆಗೆ ಮರಳಿ ಸ್ವಂತದ್ದನ್ನು ಕಟ್ಟುವವರು. ಯಾವ ಕಂಪೆನಿಯೂ ಇವರ ಹಾಡನ್ನು ಮುದ್ರಿಸಿರಲಿಲ್ಲ. ಯಾವ ಅಂಗಡಿಯಲ್ಲಿಯೂ ಅವು ಸಿಗುತ್ತಿರಲಿಲ್ಲ. ಅವುಗಳಲ್ಲಿ ನಮಗೆ ಅತ್ಯಂತ ಪ್ರಿಯವಾದವನ್ನು ಆಯ್ದು ಒಂದೇ ಕ್ಯಾಸೆಟ್ಟಿನಲ್ಲಿ ಸೇರಿಸುವುದೆಂದು ನಿಶ್ಚಯಿಸಿದೆವು.

ಹಾಡುಗಳ ಅನುಕ್ರಮವು ರಸಕ್ಕೆ ಅನುಗುಣವಾಗಿರಬೇಕೆಂದು ನಾನು ಪಟ್ಟುಹಿಡಿದೆ. ವೀರದಿಂದ ಆರಂಭ, ನಡುವೆ ಶೃಂಗಾರ, ಬಳಿಕ ಕರುಣ, ಕೊನೆಗೆ ಶಾಂತ.

"ಎಲ್ಲ ಸಿಕ್ಕಿತು, ಬೀಭತ್ಸಕ್ಕೆ ಮಾತ್ರ ಹಾಡಿಲ್ಲ" ಎಂದು ನಾನು ಚಿಂತಿಸುತ್ತಿರುವಾಗ ಅವಳು ಹೇಳಿದಳು: "ಅದಕ್ಕೆ ಬೇರೆ ಹಾಡು ಎಂತಕ್ಕೆ ಮಾರಾಯ್ತಿ? ನನ್ನ ಕಸಿನ್ ಡ್ರಮ್ಸ್ ಬಾರಿಸಿದ್ದು ಎಲ್ಲದರಲ್ಲೂ ಉಂಟಲ್ಲ."

ಈ ಕಾವ್ಯಮೀಮಾಂಸೆಯ ನಡುವೆ ಅವಳ ತಂದೆ ಪ್ರವೇಶಿಸಿದರು. ನಿವೃತ್ತ ಮುಖ್ಯೋಪಾಧ್ಯಾಯರು; ಊರಿಗೆಲ್ಲ ಮಾಸ್ಟ್ರು. ಮುಂದಿನ ಗಂಟೆ ಬಾರಿಸುವುದರೊಳಗೆ ಮಾತು ಮುಗಿಯಬೇಕೆಂಬಂತೆ ಮಾತಾಡುವುದು ಅವರ ರೀತಿ. ಕುವೈತಿನಲ್ಲಿರುವ ಅವರ ತಂಗಿಯು ನನ್ನ ಗೆಳತಿಗೆ ಅಲ್ಲೊಂದು ಕೆಲಸ ಗೊತ್ತುಮಾಡಿದ್ದಳು. ಪಾಸ್‌ಪೋರ್ಟು ಬಂದು ಮನೆಯ ದೇವರ ಅಲ್ತಾರಿನ ಕೆಳಗೆ ಕುಳಿತಿತ್ತು. ಮಗಳಿಗೆ ಮಾತ್ರ ಒಂದು ವರ್ಷ ಇಲ್ಲಿಯೇ ಇದ್ದು ಹಾಡು ಕಟ್ಟುವ ಆಸೆ.

"ನಿನ್ನ ಹಾಡು ಯಾರಿಗೆ ಬೇಕು?" ಎಂದು ಮಾಸ್ಟ್ರು ಕೇಳಿದರು.

"ಎಲ್ಲರೂ ಚೆಂದ ಉಂಟು ಹೇಳ್ತಾರೆ ಪಪ್ಪಾ."

"ಎಲ್ಲರೂ ಅಂದ್ರೆ ಯಾರು? ನಿನ್ನ ಮಮ್ಮಿ, ನಿನ್ನ ದೊಡ್ಡಮ್ಮ, ಮತ್ತೆ ಈ ಎಂ.ಎ." ಅವರು ಒಂದು ಬೆರಳೆತ್ತಿದರು. "ನಮ್ಮ ನೆಂಟ ಆಗಬಾರದು, ಪ್ರಾರ್ಥನೆಗೆ ನಮ್ಮ ಇಗರ್ಜಿಗೆ ಬರುವವ ಆಗಬಾರದು, ನನ್ನ ಶಿಷ್ಯ ಆಗಬಾರದು. ಅಂಥ ಒಬ್ಬನೇ ಒಬ್ಬ ನನ್ನ ಎದುರು ಬಾಯಿಬಿಟ್ಟು 'ಈ ಹಾಡು ನನಗೆ ಬೇಕು' ಹೇಳಲಿ. ಒಂದು ವರ್ಷ ಇರು. ಮಳೆಗಾಲ ಹಿಡಿಯುವುದರ ಒಳಗೆ ಅಂಥವ ಸಿಗದಿದ್ರೆ ಕುವೈತ್."

ಇಷ್ಟು ದೊಡ್ಡ ಪಟ್ಟಣದಲ್ಲಿ ಒಬ್ಬ ಅಪರಿಚಿತ ಸಿಗುವುದು ಯಾವ ಘನಕಾರ್ಯವೆಂದು ನಾವಿಬ್ಬರೂ ಕುಣಿದಾಡಿದೆವು. ಅಡುಗೆಮನೆಯಿಂದ ಅವಳ ತಾಯಿಯ ನಗು ಕೇಳಿಸಿತು.

"ಅಯ್ಯೋ ಮಕ್ಕಳೇ, ಇವರ ನೆಂಟ ಅಲ್ಲದವ, ಇವರ ಹತ್ತಿರ ಪೆಟ್ಟು ತಿನ್ನದವ ಈ ಊರಲ್ಲಿ ಬೇಕಾದ್ರೆ ಬಂದರಿಗೆ ಹಡಗು ಬರಬೇಕಷ್ಟೆ!"

ಒಂದು ಬನ್ಸ್, ಎರಡು ಚಾ

ಧ್ವನಿಮುದ್ರಣಕ್ಕೆ ನಮ್ಮಲ್ಲಿದ್ದುದು ಅವಳ ಅಣ್ಣ ಮಸ್ಕತ್ತಿನಿಂದ ತಂದ, ರೇಡಿಯೋವೂ ಟೇಪೂ ಒಂದರಲ್ಲೇ ಇರುವ ಟೂ-ಇನ್-ಒನ್. ಅದನ್ನು ಎದೆಗವಚಿಕೊಂಡು ನಾವು ಗಾಯಕರಿರುವಲ್ಲಿಗೆ ಹೋಗುತ್ತಿದ್ದೆವು.

ಬಿಜೈಯಲ್ಲಿ ಒಬ್ಬ ಹೋಟೆಲ್ ಮಾಲಕರ ಮಗ ತುಳುವಿನಲ್ಲಿ ಅಪೂರ್ವವಾದ ವಿರಹಗೀತೆಯೊಂದನ್ನು ಕಟ್ಟಿದ್ದ. ಆದರೆ ಮಗ ಹಾಡುತ್ತಾನೆಂಬ ವಿಷಯವು ತಂದೆಗೆ ತಿಳಿಯಕೂಡದು. ಅದಕ್ಕಾಗಿ ಹೋಟೆಲಿನ ಅಡುಗೆಕೋಣೆಯ ಹಿಂದೆ, ಅಕ್ಕಿಮೂಟೆಗಳ ನಡುವೆ ಕುಳಿತು ಹಾಡಲು ಒಪ್ಪಿದ. ಅಕ್ಕಿಮೂಟೆಗಳು ನಾದವನ್ನು ಹಿತವಾಗಿ ಹೀರಿಕೊಂಡವು. ಅವನು ಕಣ್ಣು ಮುಚ್ಚಿ ಹಾಡಿದ. ಕರುಣರಸವು ತುಂಬಿ ಬಂತು. "ನೀನಿಲ್ಲದ ಮೇಲೆ ಈ ಜೀವಕ್ಕೆ ಇನ್ನೇನು ಬೇಕು" ಎಂಬರ್ಥದ ಸಾಲಿಗೆ ಬಂದು, ಸ್ವರವನ್ನು ಎಳೆದು, ನಿಲ್ಲಿಸಿ, ನಿಟ್ಟುಸಿರು ಬಿಟ್ಟ. ಆ ನಿಶ್ಶಬ್ದದಲ್ಲಿ ಗೋಡೆಯಾಚೆಯಿಂದ ಸಪ್ಲೈಯರನ ಕಂಠ ಮೊಳಗಿತು:

"ಒಂದು ಬನ್ಸ್, ಎರಡು ಚಾ!"

ಇನ್ನೊಮ್ಮೆ ಹಾಡೋಣವೆಂದು ನಾನು ಬೇಡಿಕೊಂಡೆ. ಅವನು ಕಣ್ಣೊರೆಸಿಕೊಂಡು ಹೇಳಿದ: "ಅಷ್ಟು ದುಃಖ ದಿನಕ್ಕೆ ಒಮ್ಮೆ ಮಾತ್ರ ಬರುವುದು ಮಾರಾಯ್ರೇ."

ಕ್ಯಾಸೆಟ್ಟು ಸಿದ್ಧವಾದ ಮೇಲೆ ಅವನು ಅದನ್ನು ಯಾರದೋ ಹಾಡುಗಳೆಂದು ಹೇಳಿ ತಂದೆಗೆ ಕೇಳಿಸಿದ. ವಾಮಂಜೂರಿನಿಂದ ಕಂಕನಾಡಿಗೆ ಬರುವ ಬಸ್ಸೊಂದು ಆ ತಂದೆಯದೇ ಆಗಿತ್ತು. ಬಸ್ಸಿನಲ್ಲಿ ಹಾಕಿಸಬೇಕೆಂಬುದು ನಮ್ಮ ಸಂಚು. ಮಾಲಕರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಗಂಭೀರವಾಗಿ ಆಲಿಸಿದರು. ಮಗನ ವಿರಹವು ಬಂತು, ಹೋಯಿತು. ಅವರ ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ. ಬನ್ಸು ಬಂದೊಡನೆ ನೆಟ್ಟಗಾದರು.

"ಅರೆ, ಇದು ನಮ್ಮ ಸಪ್ಲೈಯರ್‌ನ ಸ್ವರ ಅಲ್ವಾ? ಎಷ್ಟು ಚೆಂದ ಬಂದಿದೆ! ನಾಳೆಯಿಂದಲೇ ಬಸ್ಸಿನಲ್ಲಿ ಹಾಕಿಸು."

ಡ್ರೈವರನ ಬಲಗಾಲು

ನಮ್ಮಲ್ಲಿ ಬಸ್ಸುಗಳ ಬದುಕು ನಿಮಿಷಗಳ ಮೇಲೆ ನಿಂತಿದೆ. ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ. ಮುಂದಿನದು ತಡಮಾಡಿದರೆ ಹಿಂದಿನದು ಅದರ ಜನರನ್ನು ಹತ್ತಿಸಿಕೊಳ್ಳುತ್ತದೆ. ಬೇಗ ಬಂದರೆ ನಿಲ್ದಾಣದಲ್ಲಿ ಟೈಂಕೀಪರನೊಡನೆ ಜಗಳ.

ನಮ್ಮ ಬಸ್ಸಿನ ಡ್ರೈವರನು ಸಹೃದಯ. ಕಾವ್ಯಮೀಮಾಂಸಕರು ಸಹೃದಯನ ಹೃದಯವನ್ನು ಕುರಿತು ಬಹಳ ಬರೆದಿದ್ದಾರೆ. ಅವನ ಬಲಗಾಲನ್ನು ಕುರಿತು ಯಾರೂ ಬರೆದಿಲ್ಲ. ವೀರರಸದ ಹಾಡು ಬಂದೊಡನೆ ಅವನ ಕಾಲು ಆಕ್ಸಿಲರೇಟರನ್ನು ನೆಲಕ್ಕೆ ಒತ್ತುತ್ತಿತ್ತು. ಮೊದಲ ದಿನವೇ ಬಸ್ಸು ಕುಲಶೇಖರದಲ್ಲಿ ಕೈ ಅಡ್ಡ ಹಿಡಿದವರನ್ನೆಲ್ಲ ಹಿಂದೆ ಬಿಟ್ಟು ಹಾರಿತು. ಬಿಕರ್ನಕಟ್ಟೆಯಲ್ಲಿ ಕರುಣರಸ ಆರಂಭವಾಯಿತು. ಬಸ್ಸು ಶವಯಾತ್ರೆಯಂತೆ ತೆವಳಿತು. ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿ, ಮುಂದಿನ ನಿಲ್ದಾಣಗಳ ಜನರನ್ನೆಲ್ಲ ಗುಡಿಸಿಕೊಂಡು ಹೋಯಿತು.

ಕಂಡಕ್ಟರನು ನನ್ನ ಸೀಟಿನ ಬಳಿ ಬಂದು ನಿಂತ.

"ಅಕ್ಕ, ಈ ಹಾಡುಗಳನ್ನು ಹೀಗೆ ಸಾಲಾಗಿ ಇಟ್ಟದ್ದು ಯಾರು?"

"ನಾನೇ. ಅದರ ಹಿಂದೆ ಒಂದು ತತ್ತ್ವವಿದೆ."

"ತತ್ತ್ವ ಇರ್ಲಿ ಅಕ್ಕ. ಅದರ ಹಿಂದೆ ಇನ್ನೊಂದು ಬಸ್ಸು ಉಂಟು."

ನಾನು ಮನೆಗೆ ಮರಳಿ ಹಾಡುಗಳನ್ನು ಮತ್ತೆ ಜೋಡಿಸಿದೆ. ಮಾರ್ಗ ನೆಟ್ಟಗಿರುವಲ್ಲಿ ಶಾಂತ, ಏರಿನಲ್ಲಿ ವೀರ, ಜನ ಹತ್ತುವಲ್ಲೆಲ್ಲ ಶೃಂಗಾರ. ಹೊಸ ಕ್ಯಾಸೆಟ್ಟಿಗೆ ಬಸ್ಸು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಓಡತೊಡಗಿತು. ಸಾಹಿತ್ಯವು ಸಮಾಜಕ್ಕೆ ಮಾರ್ಗದರ್ಶಕವಾಗಬಲ್ಲದೆಂದು ನಾನು ಪರೀಕ್ಷೆಯಲ್ಲಿ ಬರೆದದ್ದುಂಟು. ಆದರೆ ಅದು ವಾಮಂಜೂರು ಮಾರ್ಗ ಎಂದು ಆಗ ಹೊಳೆದಿರಲಿಲ್ಲ.

ಮಾಸ್ಟ್ರ ವಿಚಾರಣೆ

ಇನ್ನು ಅಪರಿಚಿತನೊಬ್ಬ ಬಾಯಿಬಿಡುವುದಷ್ಟೇ ಬಾಕಿ. ಮಾಸ್ಟ್ರು ತಮ್ಮ ಮಾತಿಗೆ ತಪ್ಪದವರು. ದಿನವೂ ಬೆಳಿಗ್ಗೆ ಕೊಡೆ ಹಿಡಿದು ನಮ್ಮೊಡನೆ ಬಸ್ಸು ಹತ್ತಿ, ಡ್ರೈವರನ ಹಿಂದಿನ ಸೀಟಿನಲ್ಲಿ ಪರೀಕ್ಷಾ ಮೇಲ್ವಿಚಾರಕರಂತೆ ಕುಳಿತುಕೊಳ್ಳುತ್ತಿದ್ದರು.

ಮೊದಲು ಸಿಕ್ಕಿದವನು ಬಿಳಿ ಅಂಗಿಯ ಒಬ್ಬ ಯುವಕ. "ಆ ಹುಡುಗಿ ಹಾಡಿದ್ದು ಇನ್ನೊಮ್ಮೆ ಹಾಕಿ ಮಾರಾಯ್ರೇ" ಎಂದು ಅವನು ಕಂಡಕ್ಟರನಿಗೆ ಹೇಳಿದ್ದೇ ತಡ, ಗೆಳತಿ ನನ್ನ ತೋಳನ್ನು ಗಿಲ್ಲಿದಳು. ಮಾಸ್ಟ್ರು ಮೆಲ್ಲನೆ ತಿರುಗಿದರು.

"ಊರು ಯಾವುದು?"

"ಬಜಪೆ, ಸರ್."

"ಬಜಪೆಯಲ್ಲಿ ಎಲ್ಲಿ ಬರ್ತದೆ ಮನೆ? ನಿನ್ನ ಅಜ್ಜ ಗಡಿಯಾರ ರಿಪೇರಿ ಮಾಡ್ತಿದ್ದವರಾ? ನಿನ್ನ ಅತ್ತೆಯನ್ನು ಪಾಲಡ್ಕಕ್ಕೆ ಕೊಟ್ಟದ್ದಾ?"

ನಂತೂರು ಬರುವುದರೊಳಗೆ ಯುವಕನ ಅತ್ತೆಯು ಮಾಸ್ಟ್ರ ದೊಡ್ಡಪ್ಪನ ಸೊಸೆಯಾಗಿದ್ದಳು. ಕಂಕನಾಡಿ ಬರುವುದರೊಳಗೆ ಅವನಿಗೆ ಆದಿತ್ಯವಾರದ ಊಟಕ್ಕೆ ಕರೆ ಸಿಕ್ಕಿತ್ತು.

"ನೆಂಟ" ಎಂದು ಮಾಸ್ಟ್ರು ನಮ್ಮತ್ತ ನೋಡಿ ತೀರ್ಪು ಕೊಟ್ಟರು.

ಇನ್ನೊಂದು ದಿನ ಬಂಟರ ಮನೆಯ ಗಂಭೀರ ಹೆಂಗಸೊಬ್ಬರು ಅದೇ ಹಾಡನ್ನು ಇನ್ನೊಮ್ಮೆ ಹಾಕಲು ಕೇಳಿದರು. ಜಾತಿ ಬೇರೆ, ಮಾತು ಬೇರೆ. ನೆಂಟಸ್ತಿಕೆಯ ಸೊಲ್ಲೇ ಇಲ್ಲ. ನಾವು ಗೆದ್ದೆವೆಂದುಕೊಳ್ಳುವಷ್ಟರಲ್ಲಿ ಆಕೆ ಮಾಸ್ಟ್ರನ್ನು ಕಂಡು ಸೀಟಿನಿಂದ ಚಂಗನೆ ಎದ್ದು ನಿಂತರು.

"ಮಾಸ್ಟ್ರೇ! ಗುರ್ತ ಸಿಗ್ಲಿಲ್ವಾ? ಮಗ್ಗಿ ಬಾರದ್ದಕ್ಕೆ ನೀವು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು?"

"ಕೂತ್ಕೊ, ಕೂತ್ಕೊ" ಎಂದರು ಮಾಸ್ಟ್ರು. ತಾವು ಹೇಳುವವರೆಗೆ ಆಕೆ ಕುಳಿತಿರಲಿಲ್ಲ ಎಂಬುದು ಅವರಿಗೆ ಬಹಳ ಹಿಡಿಸಿತು.

ಮುಗಿಲು ಕಪ್ಪಾಗತೊಡಗಿತ್ತು. ಗೆಳತಿಯ ತಾಯಿ ಮಗಳ ಸೂಟ್‌ಕೇಸಿನ ಧೂಳು ಒರೆಸಿ ಜಗಲಿಗೆ ತಂದಿಟ್ಟಿದ್ದರು. ಆಗ ಕಂಡಕ್ಟರನು ನಮ್ಮ ಮೇಲೆ ಕನಿಕರಪಟ್ಟು, ನಮಗೆ ತಿಳಿಸದೆಯೇ ತನ್ನ ಭಾವನನ್ನು ಕಾಸರಗೋಡಿನಿಂದ ಕರೆಸಿದ. ಭಾವನು ಹಾಡು ಮುಗಿಯುವುದನ್ನೇ ಕಾದು, ನೇರವಾಗಿ ಮಾಸ್ಟ್ರ ಮುಂದೆ ನಿಂತು, ಬಾಯಿಪಾಠ ಒಪ್ಪಿಸಿದ: "ಈ ಹಾಡು ನನಗೆ ಬೇಕು."

ಮಾಸ್ಟ್ರು ಊರು ಕೇಳಿದರು, ನೆಂಟನಲ್ಲ. ಮತ ಕೇಳಿದರು; ಇಗರ್ಜಿಯವನಲ್ಲ. ಶಾಲೆ ಕೇಳಿದರು, ಶಿಷ್ಯನಲ್ಲ.

"ಸರಿ, ಯಾವ ಹಾಡು ಬೇಕು?" ಎಂದರು ಮಾಸ್ಟ್ರು.

ಭಾವನು ಕಂಡಕ್ಟರನ ಮುಖ ನೋಡಿದ. ಇಷ್ಟು ಮುಂದಿನ ಪಾಠ ಆಗಿರಲಿಲ್ಲ.

"ಅದೇ ಸರ್... ಬನ್ಸ್ ಉಂಟಲ್ಲ, ಅದು."

ನಂತೂರಿನಲ್ಲಿ ಅಡ್ಡ ನಿಂತ ಬಸ್ಸು

ಮರುದಿನ ಬೆಳಿಗ್ಗೆ ಮೊದಲ ಹನಿಗಳು ಬಸ್ಸಿನ ಗಾಜಿನ ಮೇಲೆ ಬಿದ್ದವು. ಮಾಸ್ಟ್ರು ಕೊಡೆಯನ್ನು ಒಮ್ಮೆ ನೆಲಕ್ಕೆ ಕುಟ್ಟಿದರು. ಗೆಳತಿಯ ಹಾಡು ನಡೆಯುತ್ತಿತ್ತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಕುವೈತಿನಲ್ಲಿ ಮಳೆ ಬರುತ್ತದೆಯೇ ಎಂದು ನನ್ನನ್ನು ಕೇಳಿದಳು. ಎಂ.ಎ.ಯಲ್ಲಿ ಅದನ್ನು ಕಲಿಸಿರಲಿಲ್ಲ.

ನಂತೂರಿಗೆ ಬರುವಾಗ ಮುಂದಿದ್ದ ಬಸ್ಸೊಂದು ಒಮ್ಮೆಲೇ ಮಾರ್ಗಕ್ಕೆ ಅಡ್ಡವಾಗಿ ನಿಂತಿತು. ಅದರಿಂದ ತಲೆಗೆ ಬೈರಾಸು ಸುತ್ತಿದ ದೈತ್ಯಾಕಾರದ ಡ್ರೈವರನು ಇಳಿದು ನಮ್ಮ ಬಸ್ಸಿನತ್ತ ನಡೆದುಬಂದ. ಟೈಮಿನ ಜಗಳವೆಂದು ಎಲ್ಲರಿಗೂ ಅರ್ಥವಾಯಿತು. ಹೆಂಗಸರು ಚೀಲಗಳನ್ನು ಮಡಿಲಿಗೆಳೆದುಕೊಂಡರು. ನಮ್ಮ ಡ್ರೈವರನು ಅಂಗಿಯ ತೋಳು ಮಡಚಿದ.

"ನಿನ್ನ ಟೈಮಿಗೆ ನಾವು ಬಂದದ್ದಾ? ಎಂತ ಈಗ?"

"ಟೈಮ್ ವಿಷ್ಯ ಯಾವನು ಕೇಳ್ದ?" ಎಂದು ಆ ದೈತ್ಯನು ಘಟ್ಟದ ಮೇಲಿನ ಕನ್ನಡದಲ್ಲಿ ಗರ್ಜಿಸಿದ. "ನಾನು ಮುಂದೆ ಖಾಲಿ ಬಸ್ ಹಾಕ್ಕೊಂಡು ಬಂದ್ರೂ ಕುಲಶೇಖರದಲ್ಲಿ ಒಂದು ನರಪಿಳ್ಳೆ ಹತ್ತಲ್ಲ. ಹಿಂದೆ ಹಾಡಿನ ಬಸ್ ಐತೆ, ಅದ್ರಲ್ಲೇ ಬರ್ತೀವಿ ಅಂತಾರೆ! ಸ್ಟ್ಯಾಂಡಲ್ಲಿ ದಿನಾ ಕೇಳಿ ನನಗೂ ಬಾಯಿಪಾಠ ಆಗೈತೆ! ಆ ಹೆಣ್ಮಗಳು ಹಾಡ್ತಾಳಲ್ಲ, ಆ ಹಾಡು ನನಗೆ ಬೇಕು. ಕೊಡೋ ತನಕ ಗಾಡಿ ತೆಗೆಯಲ್ಲ!"

ಮಾಸ್ಟ್ರು ಕಿಟಕಿಯಿಂದ ತಲೆ ಹೊರಹಾಕಿದರು.

"ಯಾವ ಹಾಡು?"

ಅವನು ಮಾರ್ಗದ ನಡುವೆ ನಿಂತು, ಒದ್ದೆಯಾಗುತ್ತ, ಗೊಗ್ಗರು ಸ್ವರದಲ್ಲಿ ಗೆಳತಿಯ ಹಾಡಿನ ಪಲ್ಲವಿಯನ್ನು ಹಾಡಿಯೇ ತೋರಿಸಿದ. ರಾಗ ಎಲ್ಲಿಯೋ ಹೋಯಿತು. ಮಾತು ಒಂದೂ ತಪ್ಪಲಿಲ್ಲ. ಗೆಳತಿ ಎದ್ದು ನಿಂತಳು.

"ಊರು?" ಎಂದರು ಮಾಸ್ಟ್ರು.

"ಶಿರಾ ಕಡೆ."

"ಇಲ್ಲಿ ನೆಂಟರು?"

"ನನಗಾ? ನಮ್ಮ ಕಡೆಯೋರು ಒಬ್ರೂ ಇಲ್ಲ."

"ಯಾವ ಇಗರ್ಜಿ?"

"ಹಂಗಂದ್ರೆ?"

"ಶಾಲೆ? ಯಾವ ಶಾಲೆಗೆ ಹೋದದ್ದು?"

"ಶಾಲೆಗೆ ಹೋಗಿದ್ರೆ ನಾನ್ಯಾಕ್ ಸ್ವಾಮಿ ಈ ಮಳೇಲಿ ನಿಂತು ಹಾಡ್ತಿದ್ದೆ?"

ಹಾಜರಿ ಕೂಗಿದರೆ ಒಬ್ಬನೂ ಓಗೊಡದ ತರಗತಿಯ ಮುಂದೆ ನಿಂತವರಂತೆ ಮಾಸ್ಟ್ರು ಕಿಟಕಿಯಿಂದ ತಲೆ ಒಳಗೆಳೆದುಕೊಂಡು, ಮಗಳ ಕಡೆಗೆ ತಿರುಗಿ, "ಒಂದು ವರ್ಷ" ಎಂದರು.

ಬಸ್ಸು ಬೊಬ್ಬೆಯಿಂದ ತುಂಬಿತು. ಕಂಡಕ್ಟರನು ಸೀಟಿ ಊದಿದ. ಗೆಳತಿ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಕ್ಯಾಸೆಟ್ಟಿನ ಪ್ರತಿಯನ್ನು ನಾಳೆಯೇ ತಲುಪಿಸುವುದಾಗಿ ನಾನು ದೈತ್ಯನಿಗೆ ವಚನವಿತ್ತೆ. ಅವನು ತೃಪ್ತನಾಗಿ ತನ್ನ ಬಸ್ಸಿನತ್ತ ಹೊರಟ.

ಆದರೆ ಊರಿನಲ್ಲಿ ತಮಗೆ ಸಂಬಂಧದಲ್ಲಿ ಏನೂ ಆಗದವನೊಬ್ಬ ಹೀಗೆ ನಡೆದುಹೋಗುವುದನ್ನು ಮಾಸ್ಟ್ರಿಂದ ನೋಡಲಾಗಲಿಲ್ಲ. ಅವರು ಮತ್ತೆ ಕಿಟಕಿಗೆ ಬಾಗಿದರು.

"ಅಲ್ಲ ಮಾರಾಯಾ, ಮದುವೆ ಆಗಿದೆಯಾ?"

ಅವನು ತಿರುಗಿ ಹಲ್ಲುಬಿಟ್ಟ. "ಆಗೈತೆ ಸ್ವಾಮಿ. ಈ ಊರಿನ ಹುಡುಗೀನೇ. ನಿಮ್ಮ ವಾಮಂಜೂರಿಂದೇ—"

"ಹೌದಾ? ಯಾರ ಮಗಳು?"

ಗೆಳತಿ ಒಂದು ಕೈಯಿಂದ ಅಪ್ಪನ ಬಾಯಿ ಮುಚ್ಚಿ, ಇನ್ನೊಂದು ಕೈಯನ್ನು ಕಿಟಕಿಯಿಂದ ಹೊರಚಾಚಿ ಕಿರುಚಿದಳು. ಅವಳೊಡನೆ ನಾನು, ಕಂಡಕ್ಟರ್, ಡ್ರೈವರ್, ಚೀಲ ಹಿಡಿದ ಹೆಂಗಸರು, ಇಡೀ ಬಸ್ಸೇ ಒಂದೇ ಸ್ವರದಲ್ಲಿ ಕೂಗಿತು:

"ಹೇಳ್ಬೇಡ ಮಾರಾಯಾ, ಹೇಳ್ಬೇಡ!"