ಚಿಕ್ಕಮುನಿಯಮ್ಮನ ಸೈನು

ಬರಾಕನ ಆ ಶನಿವಾರ ಹಾಳಾದದ್ದು ಅರ್ಧ ಲೀಟರ್ ಹಾಲಿನಿಂದ. ಹಾಲು ಒಡೆಯದಿದ್ದರೆ ಅವನು ಮನೆಯಲ್ಲೇ ಇರುತ್ತಿದ್ದ. ಮನೆಯಲ್ಲಿದ್ದಿದ್ದರೆ ಪೊಲೀಸಿನವನು ಅವನನ್ನು ಕಣ್ಣಾರೆ ನೋಡುತ್ತಿದ್ದ. ನೋಡಿದ್ದರೆ ನನಗೆ ಈ ಕತೆ ಹೇಳುವ ಕೆಲಸ ತಪ್ಪುತ್ತಿತ್ತು.

ಬರಾಕ ಟಾಂಜಾನಿಯಾದವನು. ಬಿಬಿಎಂ ಓದಲು ಬೆಂಗಳೂರಿಗೆ ಬಂದು ಮೂರನೆಯ ವರ್ಷ. ಬಾಗಲಗುಂಟೆಯ ಚಿಕ್ಕಮುನಿಯಮ್ಮನ ವಠಾರದಲ್ಲಿ, ತಾರಸಿಯ ಮೇಲೆ ಶೀಟು ಹೊದಿಸಿದ ಒಂದು ರೂಮು ಅವನದು. ಚಿಕ್ಕಮುನಿಯಮ್ಮನ ಮನೆಯವರು ಮೊದಲು ಅದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದರು. ಪೀಣ್ಯದಲ್ಲಿ ಕಾರ್ಖಾನೆಗಳು ಹೆಚ್ಚಿದ ಮೇಲೆ ರಾಗಿ ಬಿಟ್ಟು ಬಾಡಿಗೆ ಮನೆ ಬೆಳೆದರು.

ಬಂದ ಹೊಸದರಲ್ಲಿ ಬೀದಿಯ ಮಕ್ಕಳು "ಫಾರಿನ್! ಫಾರಿನ್!" ಎಂದು ಅವನ ಬೆನ್ನು ಬೀಳುತ್ತಿದ್ದವು. ಅದು ಬರಾಕನಿಗೆ ಸ್ವಲ್ಪವೂ ಆಗುತ್ತಿರಲಿಲ್ಲ. ಈ ಊರಿನವನೇ ಆಗಿ ತೋರಿಸುತ್ತೇನೆ ಎಂದು ಹಟ ತೊಟ್ಟು ಕನ್ನಡ ಕಲಿತ. ಕಲಿತದ್ದು ಚಿಕ್ಕಮುನಿಯಮ್ಮನ ಬಾಯಿಂದ, ಆದ್ದರಿಂದ ಅಜ್ಜಿಯ ನಾಲಿಗೆಗೆ ಬಾರದ ಹಕಾರ ಅವನಿಗೂ ಬರಲಿಲ್ಲ. ಬಸ್ಸಿನಲ್ಲಿ ಅವನು "ವಸಿ ಇಂದಕ್ಕೆ ಓಗ್ರಪ್ಪ" ಎಂದರೆ ಇಡೀ ಬಸ್ಸು ತಿರುಗಿ ನೋಡಿ, ಬೆರಗಿನಲ್ಲೇ ಹಿಂದಕ್ಕೆ ಹೋಗುತ್ತಿತ್ತು.

ತಮ್ಮೂರಲ್ಲಿ ಮುಸುಕಿನ ಜೋಳದ ಹಿಟ್ಟಿನಿಂದ ಮುದ್ದೆ ಮಾಡಿ ಸೊಪ್ಪಿನ ಜೊತೆ ತಿನ್ನುತ್ತೇವೆ ಎಂದು ಅವನು ಹೇಳಿದ ದಿನವೇ ಚಿಕ್ಕಮುನಿಯಮ್ಮ ತೀರ್ಪು ಕೊಟ್ಟುಬಿಟ್ಟಿದ್ದಳು. "ಮುದ್ದೆ ತಿನ್ನೋನು ಎಂಗಪ್ಪಾ ಫಾರಿನ್ನೋನಾಯ್ತಾನೆ? ಫಾರಿನ್ನೋರು ಬ್ರೆಡ್ಡು ತಿಂತಾರೆ." ಅಂದಿನಿಂದ ರಾತ್ರಿಯ ಮುದ್ದೆ ಅವನಿಗೆ ಕೆಳಗಿನ ಮನೆಯಲ್ಲೇ. ಅದಕ್ಕೆ ಬದಲಾಗಿ ಅವನು ಅಜ್ಜಿಗೆ ಸೈನು ಹಾಕುವುದನ್ನು ಕಲಿಸಿದ. ಅರವತ್ತೈದು ವರ್ಷ ಹೆಬ್ಬೆಟ್ಟು ಒತ್ತಿದ ಕೈ, ಹೆಸರೋ ಉದ್ದ, ಮೂರು ತಿಂಗಳು ಹಿಡಿಯಿತು. ಬಂದ ಮೇಲೆ ಮಾತ್ರ ಅಜ್ಜಿಯನ್ನು ತಡೆಯುವವರಿರಲಿಲ್ಲ. ಗ್ಯಾಸಿನ ಪುಸ್ತಕ, ಕ್ಯಾಲೆಂಡರಿನ ಬೆನ್ನು, ಮೊಮ್ಮಗಳ ಡ್ರಾಯಿಂಗ್ ಹಾಳೆ, ಬಿಳಿ ಕಂಡಲ್ಲೆಲ್ಲ ಚಿಕ್ಕಮುನಿಯಮ್ಮ.

ಇರಲಿ, ಶನಿವಾರಕ್ಕೆ ಬರೋಣ. ಕೊನೆಯ ಸೆಮಿಸ್ಟರಿನ ಪರೀಕ್ಷೆ ಹತ್ತಿರ ಬಂದಿತ್ತು. ಬರಾಕ ಇನ್ನೂ ಇಲ್ಲಿರಬೇಕಾದರೆ ವೀಸಾ ಮುಂದುವರಿಯಬೇಕು. ಅದಕ್ಕೆ 'ಈ ವಿದೇಶಿ ವಿದ್ಯಾರ್ಥಿ ಇದೇ ವಿಳಾಸದಲ್ಲಿ ವಾಸವಾಗಿದ್ದಾನೆ' ಎಂದು ಪೊಲೀಸ್ ಠಾಣೆಯ ವರದಿ ಬೇಕು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ವರದಿ ಕಾಲೇಜಿಗೆ ಬರದಿದ್ದರೆ ಹಾಲ್ ಟಿಕೆಟ್ ಇಲ್ಲ ಎಂದು ಆಫೀಸಿನವರು ಖಡಾಖಂಡಿತವಾಗಿ ಹೇಳಿದ್ದರು. ಹಾಲ್ ಟಿಕೆಟ್ ಇಲ್ಲದಿದ್ದರೆ ಮೂರು ವರ್ಷದ ಓದು ನೀರಲ್ಲಿ ಹೋಮ. ಅಲ್ಲಿ ಅವನ ತಾಯಿ ಮಗನ ಪದವಿಯ ದಿನಕ್ಕೆಂದು ಆಗಲೇ ಹೊಸ ಬಟ್ಟೆ ಹೊಲಿಸಿಟ್ಟು, ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದಳಂತೆ.

ಠಾಣೆಯಿಂದ ಫೋನು ಬಂದಿತ್ತು. ಸಂಜೆ ನಾಲ್ಕಕ್ಕೆ ಪೇದೆ ಮನೆಗೆ ಬಂದು ಅಕ್ಕಪಕ್ಕದವರನ್ನು ವಿಚಾರಿಸುತ್ತಾನೆ.

ಬರಾಕ ಅಂಗಳಕ್ಕೆ ಇಳಿದು ಸಾರಿದ. "ನಾಕ್ ಗಂಟೆಗೆ ಪೊಲೀಸ್ನೋರು ಬರ್ತಾರೆ, ನನ್ನ ಇಚಾರ್ಸಾಕೆ. ವಸಿ ಒಳ್ಳೇ ಮಾತು ಏಳಿ."

ಪೊಲೀಸ್ ಎಂದ ಕೂಡಲೇ ಲೇತ್ ಕಾರ್ಖಾನೆಯ ಸಿದ್ದರಾಜು ಮಧ್ಯಾಹ್ನದ ನಿದ್ದೆ ಬಿಟ್ಟು ಎದ್ದು ಬಂದ. ಒಮ್ಮೆ ಯಾವುದೋ ಬೈಕಿನ ಅಪಘಾತಕ್ಕೆ ಸಾಕ್ಷಿಯಾಗಿ ಹನ್ನೊಂದು ಸಲ ಕೋರ್ಟಿಗೆ ಅಲೆದವನು ಅವನು. ಹಾಗಾಗಿ ವಠಾರದಲ್ಲಿ ಕಾನೂನೆಂದರೆ ಸಿದ್ದರಾಜು.

"ನೋಡಿ, ಪೊಲೀಸ್ ಹತ್ರ ಒಂದೇ ರೂಲ್ಸು," ಎಂದ. "ಕೇಳಿದ್ದಕ್ಕೆ ಮಾತ್ರ ಉತ್ರ. ಕೇಳದೇ ಇರೋದು ಬಾಯಿ ಬಿಟ್ರೋ, ಕೋರ್ಟಿಗೆ ನಡ್ದು ನಡ್ದು ಚಪ್ಲಿ ಸವೀಬೇಕು. ಬನ್ನಿ, ಒಂದ್ಸಲ ಪ್ರಾಕ್ಟೀಸ್ ಮಾಡೋಣ. ನಾನೇ ಪೊಲೀಸು. ಏನಮ್ಮಾ, ಬರಾಕ ಎಂಥಾ ಹುಡುಗ?"

"ಬಂಗಾರದಂತೋನು ಸೋಮಿ," ಎಂದಳು ಚಿಕ್ಕಮುನಿಯಮ್ಮ.

"ಕುಡೀತಾನಾ?"

"ಮಜ್ಗೆ ಕುಡೀತಾನೆ."

"ಗಲಾಟೆ ಗಿಲಾಟೆ?"

ಗೇಟಿನ ಬಳಿ ಹೂವು ಕಟ್ಟುತ್ತಿದ್ದ ಪಕ್ಕದ ಮನೆಯ ವೆಂಕಟಮ್ಮ, "ಸ್ನಾನ ಮಾಡೋವಾಗ ಅವರೂರ್ ಹಾಡು ಹೇಳ್ತಾನೆ, ಅದೊಂದೇ," ಎಂದಳು.

"ಅದು ಕೇಳಿಲ್ಲ! ಕೇಳದ್ದು ಹೇಳ್ಬೇಡ!" ಎಂದು ಸಿದ್ದರಾಜು ಗದರಿಸಿದ. ಮೂರು ಸುತ್ತು ಅಭ್ಯಾಸವಾಯಿತು. ತಾನು ಇಷ್ಟು ಒಳ್ಳೆಯವನೇ ಎಂದು ಬರಾಕನಿಗೇ ಆಶ್ಚರ್ಯವಾಗತೊಡಗಿತು.

ಮೂರು ಗಂಟೆಗೆ ಅಜ್ಜಿ ಕಾಫಿಗೆಂದು ಹಾಲು ಕಾಯಿಸಿದರೆ, ಹಾಲು ಒಡೆಯಿತು. ಮಾರ್ಚಿ ತಿಂಗಳ ಸೆಕೆ, ಬೆಳಗಿನಿಂದ ಕರೆಂಟಿಲ್ಲ. "ಪೊಲೀಸ್ನೋನು ಬಾಗ್ಲಿಗೆ ಬಂದು ಕಾಪಿ ಕುಡೀದೆ ಓದ್ರೆ ನನ್ ಮಾನ ಓಗ್ತದೆ," ಎಂದು ಅಜ್ಜಿ ಪಾತ್ರೆ ಕುಕ್ಕಿದಳು.

"ಅದೇನ್ ಮಾ ಕೆಲ್ಸ ಬುಡಜ್ಜಿ. ಅತ್ನಿಮ್ಸದಾಗೆ ಬತ್ತೀನಿ," ಎಂದು ಬರಾಕ ಉಟ್ಟ ಹಸಿರು ಚೌಕಳಿಯ ಲುಂಗಿಯಲ್ಲೇ ಹೊರಟ.

ಮೂಲೆಯಂಗಡಿಯಲ್ಲಿ ಹಾಲು ಮುಗಿದಿತ್ತು. ಮುಖ್ಯರಸ್ತೆಯಲ್ಲಿ ಸಿಕ್ಕಿತು. ಪ್ಯಾಕೆಟ್ ಹಿಡಿದು ತಿರುಗುವಷ್ಟರಲ್ಲಿ ಯಾರೋ ಕೂಗಿದರು. "ಬರಾಕಣ್ಣಾ! ದೇವ್ರು ಬಂದಂಗ್ ಬಂದೆ!"

ಯಾರದೋ ಹುಟ್ಟುಹಬ್ಬಕ್ಕೆ ಹುಡುಗರು ರಸ್ತೆಗೆ ಅಡ್ಡಲಾಗಿ ಫ್ಲೆಕ್ಸ್ ಕಟ್ಟುತ್ತಿದ್ದರು. ಆರಡಿ ನಾಲ್ಕಂಗುಲ ಎತ್ತರದ ಬರಾಕನಿಗೆ ಬಾಗಲಗುಂಟೆಯಲ್ಲಿ ಇಂಥ ಕೆಲಸಗಳಿಗೆ ಬಹಳ ಬೇಡಿಕೆ. ಬಲ್ಬು ಹಾಕುವುದು, ಜೇಡರ ಬಲೆ ತೆಗೆಯುವುದು, ಮಾವಿನ ತೋರಣ, ಎಲ್ಲಕ್ಕೂ ಅವನೇ ಬೇಕು. ಕರೆದರೆ ಅವನಿಗೂ ಒಳಗೊಳಗೇ ಖುಷಿ.

"ಒಂದ್ ನಿಮ್ಸ ಈ ಮೂಲೆ ಹಿಡ್ಕೊ, ದಾರ ತತ್ತೀವಿ," ಎಂದು ಅವನನ್ನು ಸ್ಟೂಲಿನ ಮೇಲೆ ಹತ್ತಿಸಿದರು. ಎರಡು ಕೈಯೂ ಬೇಕಾದ್ದರಿಂದ ಹಾಲಿನ ಪ್ಯಾಕೆಟ್ಟನ್ನು ಹಲ್ಲಲ್ಲಿ ಕಚ್ಚಿಕೊಂಡ. ದಾರ ತರಲು ಹೋದ ಹುಡುಗರು ದಾರದ ಬಣ್ಣದ ಮೇಲೆ ಅಂಗಡಿಯವನೊಂದಿಗೆ ಜಗಳಕ್ಕೆ ನಿಂತರು. ಈಗ ಕೈಬಿಟ್ಟರೆ ಮೀಸೆ ತಿರುವಿದ ಅಷ್ಟು ದೊಡ್ಡ ಮುಖ ನೇರ ಕೆಳಗಿನ ಆಟೊಗಳ ಮೇಲೆ ಬೀಳುತ್ತಿತ್ತು. ಫ್ಲೆಕ್ಸಿನ ಹಿಂದೆ ಬರಾಕ ಪೂರ್ತಿ ಮರೆಯಾಗಿದ್ದ. ಕೆಳಗೆ ಕಾಣುತ್ತಿದ್ದದ್ದು ಲುಂಗಿ ಮತ್ತು ಎರಡು ಕಾಲು.

ಅಷ್ಟರಲ್ಲಿ ಒಂದು ಬೈಕು ಕೆಳಗೆ ಬಂದು ನಿಂತಿತು. "ಏಯ್, ಚಿಕ್ಕಮುನಿಯಮ್ಮನ ವಠಾರ ಯಾವ ಕಡೆ?"

ಬರಾಕ ಮೂಗಿನಲ್ಲಿ ಏನೋ ಗೊಣಗಿ, ಎಡಗಾಲು ಎತ್ತಿ ಎಡಕ್ಕೆ ಚಾಚಿದ. ಬೈಕಿನವನು "ಕಾಲಲ್ಲಿ ತೋರಿಸ್ತೀಯೇನೋ?" ಎಂದು ಬೈದು, ಎಡಕ್ಕೇ ಹೋದ. ಫ್ಲೆಕ್ಸಿನ ಸಂದಿಯಿಂದ ಇಣುಕಿದ ಬರಾಕನಿಗೆ ಕಂಡದ್ದು ಖಾಕಿ ಬೆನ್ನು. ಗಂಟೆ ಇನ್ನೂ ಮೂರೂವರೆ. ಈ ದೇಶದಲ್ಲಿ ಸರ್ಕಾರದ ಮನುಷ್ಯನೊಬ್ಬ ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲು ಬರುವುದನ್ನು ಅವನು ನೋಡಿದ್ದು ಅದೇ ಮೊದಲು.

ಹುಡುಗರು ಬಂದು ಬಿಡಿಸುವಷ್ಟರಲ್ಲಿ ನಾಲ್ಕಾಗಲು ಹತ್ತು ನಿಮಿಷ. ಬರಾಕ ಲುಂಗಿ ಎತ್ತಿ ಕಟ್ಟಿ ಓಡಿದ. ವಠಾರದಲ್ಲಿ ಬೈಕಿರಲಿಲ್ಲ. ಎಲ್ಲರೂ ನೆಮ್ಮದಿಯಾಗಿ ಕಟ್ಟೆಯ ಮೇಲೆ ಕುಳಿತಿದ್ದರು.

"ಪೊಲೀಸ್ನೋರು ಬಂದಿದ್ರಾ?"

"ಒಬ್ಬ ಬಂದಿದ್ದ," ಎಂದ ಸಿದ್ದರಾಜು. "ನಿನ್ ಕೇಸಲ್ಲ ಗುರು, ಅದು ಬೇರೆ. ನಿನ್ನ ಬಗ್ಗೆ ಒಂದ್ ಮಾತೂ ಕೇಳ್ಲಿಲ್ಲ. ನಿನ್ನೋನು ನಾಲ್ಕಕ್ಕೆ ಬರ್ತಾನೆ, ಬಾ ಕೂತ್ಕೊ."

ಬರಾಕ ಕೂರಲಿಲ್ಲ. "ಮತ್ತೇನ್ ಕೇಳ್ದ?"

"ಈ ಮನೇಲಿ ಫಾರಿನ್ನೋರು ಯಾರಾದ್ರೂ ಇದ್ದಾರಾ ಅಂತ."

"ನೀವೇನಂದ್ರಿ?"

ಚಿಕ್ಕಮುನಿಯಮ್ಮ ಸೆರಗು ಸರಿಮಾಡಿಕೊಂಡಳು. "ನಾನೇನ್ ಎದ್ರುಕೊಂಡ್ನಾ? ನಮ್ ವಠಾರ್ದಾಗೆ ಫಾರಿನ್ನೋರು ಯಾರೂ ಇಲ್ಲ ಸೋಮಿ ಅಂದೆ. ಮ್ಯಾಲಿನ ರೂಮ್ನಾಗೆ ಯಾರು ಅಂದ. ನನ್ ಮೊಮ್ಮಗ, ಆಲು ತರಾಕೆ ಓಗವ್ನೆ ಅಂದೆ."

"ನನ್ ಎಸ್ರು ಕೇಳ್ನಿಲ್ವಾ ಅವ್ನು?"

"ಕಾಗದ ನೋಡ್ಕೊಂಡು ಏನೋ ಮೂರು ಮಾರು ಉದ್ದದ ಹೆಸ್ರು ಓದೋಕೆ ಹೋದ," ಎಂದಳು ವೆಂಕಟಮ್ಮ. "ಬಾಯಿ ತಿರುಗ್ಲಿಲ್ಲ, ಬಿಟ್ಬಿಟ್ಟ. ಕಾಫಿಗೆ ನಮ್ಮನೆ ಹಾಲೇ ಆಯ್ತು ಬಿಡು."

"ರಿಪೋರ್ಟ್ ಬರ್ದು ಮೂರು ಜನದ ಸೈನ್ ತಗೊಂಡ," ಎಂದ ಸಿದ್ದರಾಜು.

"ಮೊದಲ್ನೇದು ನಂದು!" ಅಜ್ಜಿಯ ಮುಖ ಅರಳಿತು. "ಪೊಲೀಸ್ನೋನು ಎಬ್ಬೆಟ್ಟಿನ ಮಸಿ ತೆಗ್ದ ಕಣಪ್ಪ. ಮಡ್ಗಯ್ಯ ಒಳೀಕೆ ಅಂತ ಪೆನ್ನು ಕಿತ್ಕೊಂಡು ಆಕ್ದೆ. ಒಂದಕ್ಸರ ತಪ್ಪಿಲ್ಲ. ನೀನು ಕಲಿಸಿದ್ದು ಸುಮ್ನೆ ಓಗ್ಲಿಲ್ಲ."

ಬರಾಕ ಹಾಲಿನ ಪ್ಯಾಕೆಟ್ಟನ್ನು ಕಟ್ಟೆಯ ಮೇಲಿಟ್ಟು, ಪಾಸ್‌ಪೋರ್ಟು ಹಿಡಿದು ಠಾಣೆಗೆ ಓಡಿದ.

ಪೇದೆ ಪಾಸ್‌ಪೋರ್ಟನ್ನೂ ಅವನನ್ನೂ ನೋಡಿದ. ಕೊನೆಗೆ ಲುಂಗಿಯ ಮೇಲೆ ಅವನ ಕಣ್ಣು ನಿಂತಿತು. "ಈ ಕಾಲು ಎಲ್ಲೋ ನೋಡಿದೀನಲ್ಲ."

"ನಾನೇ ಸಾ ದಾರಿ ತೋರ್ಸಿದ್ದು. ತಪ್ಪಾಯ್ತು. ಆ ವಠಾರದಾಗಿರೋ ಫಾರಿನ್ನೋನು ನಾನೇ."

ಮೂರು ವರ್ಷದಲ್ಲಿ ಆ ಮಾತನ್ನು ಬರಾಕ ತನ್ನ ಬಾಯಿಂದ ಆಡಿದ್ದು ಅದೇ ಮೊದಲು.

ಪೇದೆ ಕೆಟ್ಟವನಲ್ಲ, ತಲೆ ಕೆರೆದುಕೊಂಡ. "ಯಾರೂ ಇಲ್ಲ ಅಂತ ಮೂರು ಜನ ಸೈನ್ ಹಾಕಿ ಕೊಟ್ಟಿದಾರಲ್ಲಪ್ಪ. ಈಗ ನಾನು ಇದಾನೆ ಅಂತ ಬರೆದ್ರೆ ನನ್ ಕೆಲಸ ಹೋಗುತ್ತೆ. ಒಂದು ಕೆಲಸ ಮಾಡು. ಈತ ವಿದೇಶಿ, ಇಲ್ಲೇ ವಾಸ ಅಂತ ಅದೇ ಮೂರು ಜನ ಬರೆದು ಕೊಡ್ಲಿ. ಆರು ಗಂಟೆ ಒಳಗೆ ತಂದ್ರೆ ಹೊಸ ರಿಪೋರ್ಟ್ ಹಾಕ್ತೀನಿ."

ಬರಾಕ ದಾರಿಯಲ್ಲೇ ಅರ್ಜಿ ಬರೆಯುವವನ ಹತ್ತಿರ ಕಾಗದ ಬರೆಸಿಕೊಂಡು, ಗೆದ್ದವನ ಹಾಗೆ ವಠಾರಕ್ಕೆ ಬಂದ. ಮೂರು ಸೈನು, ಅದೇನ್ ಮಾ ಕೆಲ್ಸ!

ಸಿದ್ದರಾಜು ಕಾಗದವನ್ನು ಎರಡು ಸಲ ಓದಿ, "ಮೊದ್ಲು ಇಲ್ಲ ಅಂದು ಈಗ ಹೌದು ಅಂದ್ರೆ ಸುಳ್ಳು ಸಾಕ್ಷಿ ಆಗುತ್ತೆ ಗುರು. ಹನ್ನೊಂದು ಸಲ ಅಲ್ಲ, ಇಪ್ಪತ್ತೆರಡು ಸಲ ಅಲೀಬೇಕು," ಎಂದ. ಬರಾಕ ಕೈಮುಗಿದ ಮೇಲೆ ಬೆವರುತ್ತ ಸೈನು ಹಾಕಿದ. ವೆಂಕಟಮ್ಮನೂ ಹಾಕಿದಳು.

ಚಿಕ್ಕಮುನಿಯಮ್ಮ ಮಾತ್ರ ಕಾಗದ ಮುಟ್ಟಲಿಲ್ಲ. "ಏನಂತ ಬರ್ದವ್ರೆ?"

"ನಾನು ಫಾರಿನ್ನೋನು ಅಂತ."

ಅಜ್ಜಿ ಕಣ್ಣು ತುಂಬಿಕೊಂಡಳು. "ನಾನೇನ್ ಕಮ್ಮಿ ಮಾಡಿದ್ನಪ್ಪ ನಿಂಗೆ? ಜರ ಬಂದಾಗ ಮೂರು ದಿನ ಗಂಜಿ ಕುಡಿಸ್ನಿಲ್ವಾ? ಇವತ್ತು ಇವ್ನು ನಮ್ಮೋನಲ್ಲ ಅಂತ ನನ್ ಕೈಯಾಗೇ ಬರ್ಸ್ಕೊತೀಯಾ?"

"ಅಂಗಲ್ಲಜ್ಜಿ, ಬರೀ ಕಾಗದಕ್ಕೆ. ಇದಿಲ್ದಿದ್ರೆ ಪರೀಕ್ಸೆ ಇಲ್ಲ. ನಮ್ಮವ್ವ ಒಸಾ ಬಟ್ಟೆ ಒಲಿಸ್ಕೊಂಡು ಕಾಯ್ತಾವ್ಳೆ."

ತಾಯಿಯ ಮಾತು ಬಂದದ್ದೇ ಅಜ್ಜಿ ಕರಗಿದಳು. ಮೂಗು ಒರೆಸಿಕೊಂಡು ಕಾಗದ ತೆಗೆದುಕೊಂಡು ಒಳಗೆ ಹೋದಳು. ಐದು ನಿಮಿಷದ ಮೇಲೆ ನಾಲ್ಕು ಮಡಿಕೆ ಮಾಡಿ ತಂದುಕೊಟ್ಟಳು. ಗಂಟೆ ಆರಕ್ಕೆ ಹತ್ತು ನಿಮಿಷ. ಬರಾಕ ಬಿಚ್ಚಿ ನೋಡದೆ ಓಡಿದ.

ಪೇದೆ ಕಾಗದ ಬಿಡಿಸಿ, ಹಳೆಯ ವರದಿಯ ಪಕ್ಕದಲ್ಲಿಟ್ಟ. ಸಿದ್ದರಾಜು, ಸರಿ. ವೆಂಕಟಮ್ಮ, ಸರಿ. ಮೂರನೆಯದಕ್ಕೆ ಬಂದು ನಿಂತ. ಅಲ್ಲಿ ದೀಪದ ಮಸಿಯಲ್ಲಿ ಅದ್ದಿ ಒತ್ತಿದ, ದಪ್ಪನೆಯ ಒಂದು ಹೆಬ್ಬೆಟ್ಟಿನ ಗುರುತಿತ್ತು.

"ಏನಪ್ಪ ಇದು? ಮಧ್ಯಾಹ್ನ ಆಯಮ್ಮ ನನ್ ಕೈಯಿಂದ ಪೆನ್ ಕಿತ್ಕೊಂಡು ಸೈನ್ ಹಾಕಿದ್ದಾಳೆ. ಇಲ್ಲಿ ನೋಡಿದ್ರೆ ಹೆಬ್ಬೆಟ್ಟು! ಇದು ಯಾರ್ ಹತ್ರ ಒತ್ತಿಸ್ಕೊಂಡು ಬಂದೆ?"

"ಅಜ್ಜೀದೇ ಸಾ!"

"ಸೈನ್ ಬರೋರು ಯಾರಾದ್ರೂ ಹೆಬ್ಬೆಟ್ಟು ಒತ್ತುತಾರೇನಯ್ಯ? ಇದು ಸುಳ್ಳು ಹೆಬ್ಬೆಟ್ಟು, ನಡಿಯಲ್ಲ. ಸೋಮವಾರ ಸಂಜೆ ನಾಲ್ಕಕ್ಕೆ ನಾನೇ ಬಂದು ಇನ್ನೊಂದ್ಸಲ ವಿಚಾರಿಸ್ತೀನಿ. ಮನೇಲಿರು."

ಕಾಲೇಜಿನ ಗಡುವು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಂದು ಬರಾಕ ಎಷ್ಟು ಹೇಳಿಕೊಂಡರೂ ಪೇದೆ ಕೇಳಲಿಲ್ಲ. ಫೈಲು ಮುಚ್ಚಿ, ಟೋಪಿ ಹಾಕಿಕೊಂಡು ಮನೆಗೆ ಹೊರಟ.

ವಠಾರದ ಗೇಟಿನಲ್ಲಿ ಚಿಕ್ಕಮುನಿಯಮ್ಮ ಕಾಯುತ್ತಿದ್ದಳು. ಹೆಬ್ಬೆರಳಿನ ಮಸಿ ಇನ್ನೂ ಹೋಗಿರಲಿಲ್ಲ.

"ಅಜ್ಜಿ, ಸೈನ್ ಯಾಕ್ ಆಕ್ನಿಲ್ಲ ನೀನು?"

"ನೀನು ಕಲಿಸಿದ್ ಸೈನು ಕಣಪ್ಪ ಅದು. ಅಂತಾ ಸುಳ್ಳಿಗೆಲ್ಲ ಆಕಾಕಾಯ್ತದಾ? ಅದ್ಕೇ ಎಬ್ಬೆಟ್ಟು ಒತ್ತಿ ಕೊಟ್ಟೆ. ಒಪ್ಕೊಂಡ್ನಾ?"

"ಇಲ್ಲ," ಎಂದು ಬರಾಕ ಕಟ್ಟೆಯ ಮೇಲೆ ಕುಸಿದು ಕುಳಿತ. "ಬರೀ ಸುಳ್ಳು ಅಂದ್ಬುಟ್ಟ."

ಅಜ್ಜಿಯ ಮುಖ ಅರಳಿತು. ಅವನ ತಲೆ ಸವರಿ, ಮಧ್ಯಾಹ್ನ ಕಟ್ಟೆಯ ಮೇಲೆ ಅವನೇ ಬಿಟ್ಟುಹೋಗಿದ್ದ ಹಾಲಿನ ಪ್ಯಾಕೆಟ್ಟನ್ನು ಎತ್ತಿಕೊಂಡಳು.

"ನೋಡ್ದಾ? ಪೊಲೀಸ್ನೋನ್ಗೂ ಗೊತ್ತಾಗೋಯ್ತು, ನೀನು ನಮ್ಮೋನೇ ಅಂತ. ಏಳು, ಕೈ ತೊಳ್ಕೊ, ಮುದ್ದೆಗೆ ಎಸ್ರಿಟ್ಟಿವ್ನಿ."