ಹದಿನಾಲ್ಕು ಕಾಲಿನ ಸವತಿ

ನನಗೆ ಸವತಿ ಇದ್ದಳೆಂದರೆ ಯಾರೂ ನಂಬುವುದಿಲ್ಲ. ಒಬ್ಬಳೇನು, ಹದಿನೈದು ಸೀಸೆ ತುಂಬ ಇದ್ದರು! ಎಲುಬುಳ್ಳ ಮೀನಿನ ಮೇಲೆ ಕೂರುವವಳಿಗೆ ಹದಿನಾಲ್ಕು ಕಾಲು, ಶಾರ್ಕಿನ ಮೇಲೆ ಕೂರುವವಳಿಗೆ ಎರಡು ಜಡೆ. ನಮ್ಮ ಯಜಮಾನರು ಅವರನ್ನು ಸೀಸೆಗಳಲ್ಲಿ ಕೂಡಿಟ್ಟು ಮೀನಿನ ಹೇನು ಎನ್ನುತ್ತಿದ್ದರು. ನಾನು ಏನೆನ್ನುತ್ತಿದ್ದೆ ಎಂಬುದನ್ನು ಬರೆಯುವಂತಿಲ್ಲ.

ನಿಜಾಮರ ಕಾಲ. ಇವರು ಗದ್ವಾಲದಲ್ಲಿ ಶಾಲೆಯ ಮಾಸ್ತರು. ಮೀನಿನ ವಾಸನೆ ಬಂದರೆ ಊಟ ಬಿಟ್ಟೇಳುವ ಮನೆತನ ನಮ್ಮದು. ಅಂಥ ಮನೆಯ ಮಗ ಮೀನು ತಿನ್ನಲಿಲ್ಲ, ಮೀನನ್ನು ತಿನ್ನುವ ಹೇನಿಗೆ ಮರುಳಾದರು! ಕೃಷ್ಣೆಯಲ್ಲಿ ಬೆಸ್ತರು ಬಲೆ ಎಳೆದರೆ ಸಾಕು, ದಂಡೆಯಲ್ಲಿ ಭೂತಗನ್ನಡಿ ಹಿಡಿದು ಹಾಜರು.

"ಮಾಸ್ತರ್ರೀ, ಮೀನ ಬೇಕೇನ್ರೀ?"

"ಮೀನ ನೀವ ತಿನ್ರಿ. ಹೇನ ನನಗ ಕೊಡ್ರಿ."

ಮದುವೆಯಾಗಿ ಎರಡು ವರ್ಷಕ್ಕೆ, "ನಡಿ, ಸಮುದ್ರ ನೋಡಾಕ ಹೋಗೂಣು" ಎಂದರು. ನಮ್ಮ ನಿಜಾಮರ ರಾಜ್ಯಕ್ಕೆ ಎಲ್ಲವೂ ಇತ್ತು, ಸಮುದ್ರ ಒಂದಿರಲಿಲ್ಲ. ಹೊಸ ಗದ್ವಾಲ ಸೀರೆಯುಟ್ಟು, ತಾಸು ಹೊತ್ತು ಕೂತು ಜಡೆ ಹಾಕಿಕೊಂಡು, ರೈಲು ಹತ್ತಿ ಆಂಧ್ರದ ಕರಾವಳಿಗೆ ಹೋದೆ. ಇವರು ಸಮುದ್ರದತ್ತ ಕತ್ತೆತ್ತಿ ನೋಡಿದರೆ ಕೇಳಿ! ಮರಳಿನಲ್ಲಿ ಬಿದ್ದಿದ್ದ ಶಾರ್ಕಿನ ರೆಕ್ಕೆಗೆ ಕಣ್ಣಿಟ್ಟು ಕೂಗಿದರು:

"ಲಗೂನ ಬಾ! ಈಕಿ ಹಿಂದ ತತ್ತೀದು ಎರಡು ಎಳಿ ನೋಡು, ಎರಡು ಜಡಿ ಬಿಟ್ಟಂಗ ಐತಿ. ಎಷ್ಟು ಚಂದ ಅದಾಳ!"

ಚಂದ! ಆ ಮಾತು ಇವರ ಬಾಯಲ್ಲಿದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ನನ್ನ ಮೊಳಕಾಲುದ್ದದ ಜಡೆ ಕಾಣದವರಿಗೆ ಹೇನಿನ ಜಡೆ ಕಂಡಿತೇ?

ವಾಪಸು ಬಂದಾಗ ಸ್ಟೇಷನ್ನಿನಲ್ಲಿ ಅಬಕಾರಿ ಜವಾನ ಸೀಸೆ ಮೂಸಿ, ಸಾರಾಯಿಯೆಂದು ನಮ್ಮನ್ನು ತಡೆದ. ಹೇನು ಕೆಡದಂತೆ ಸ್ಪಿರಿಟ್ಟಿನಲ್ಲಿ ಇಟ್ಟದ್ದೆಂದು ಇವರು ಅರ್ಧ ತಾಸು ವಿವರಿಸಿದರು. ಅವನು ಕೈಮುಗಿದ.

"ಹೋಗ್ರಿ ಮಾಸ್ತರ್ ಸಾಬ್. ಕುಡಿಯೋರ್ನ ನೋಡೀನಿ, ಹೇನಿಗೆ ಕುಡಸೋರ್ನ ಇವತ್ತ ನೋಡಿದೆ!"

ನನಗೆ ನಗು ಬರಲಿಲ್ಲ. ಅವನು ಅಷ್ಟನ್ನೂ ಜಪ್ತಿ ಮಾಡಬಾರದಿತ್ತೇ?

ಮರುವರ್ಷ ತವರು ಮಕ್ತಲಕ್ಕೆ ತಂಗಿಯ ಮದುವೆಗೆ ಹೋಗಿ, ಮಕ್ಕಳ ಸಾಲಿನಲ್ಲಿ ಮಲಗಿ, ತಲೆ ತುಂಬ ಹೇನು ಹೊತ್ತು ಬಂದೆ. ಅತ್ತೆಗೆ ಹೇಳಲು ನಾಚಿಕೆ. ತಲೆಯ ಮೇಲೆ ಸೆರಗೆಳೆದುಕೊಂಡು ಒಳಗೊಳಗೇ ಕೆರೆದುಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಇವರು ಎದುರು ಬಂದು ನಿಂತರು.

"ಎಷ್ಟು ದಿನದಿಂದ ಕೆರಕೊಳ್ಳಾಕ ಹತ್ತೀ? ಕೂಡು ಇಲ್ಲಿ."

ಸರಿ, ಹದಿನಾರನೆಯ ಸೀಸೆ ಬಂತು ಎಂದುಕೊಂಡೆ. ಇವರು ತಂದದ್ದು ಹೇನು ಬಾಚುವ ಹಣಿಗೆ. ಹಗಲು ಹೊತ್ತು ಗಂಡ ಹೆಂಡತಿ ಹಿರಿಯರೆದುರು ಮಾತೇ ಆಡದ ಕಾಲ. ಇವರು ಪಡಸಾಲೆಯಲ್ಲಿ ನನ್ನ ಜಡೆ ಬಿಚ್ಚಿದರು! ಅತ್ತೆ ಹೌಹಾರಿದರು.

"ಶಿವಶಿವಾ! ಹೆಂಡ್ತಿ ತಲಿ ಗಂಡ ನೋಡೋದು ಯಾವ ಊರಾಗ ಐತೋ?"

"ಊರ ಮೀನಿನ ಮೈಯೆಲ್ಲಾ ನೋಡೀನಿ ಅವ್ವಾ. ಮನಿಯಾಕಿ ತಲಿ ನೋಡಬಾರದೇನು?"

ಒಂದೊಂದನ್ನೂ ಹಿಡಿದು ಉಗುರಿನ ಮೇಲಿಟ್ಟು ಚಟ್ ಎನಿಸಿದರು. ಮೀನಿನ ಹೇನಿನ ಒಂದು ಕಾಲು ಮುರಿದರೆ ಮರುಗುತ್ತಿದ್ದ ಮನುಷ್ಯ! ನನಗೆ ತಡೆಯಲಾಗಲಿಲ್ಲ.

"ಯಾಕ್ರೀ, ಇದು ಚಂದ ಇಲ್ಲೇನು?"

"ಎಲ್ಲೀ ಚಂದ? ನಿನ್ನ ರಕ್ತಾ ಕುಡದೈತಿ ಹಲ್ಕಾದು!"

ನನ್ನ ಕಣ್ಣು ತುಂಬಿ ಬಂತು. ಪುಣ್ಯಕ್ಕೆ ಇವರಿಗೆ ಬೆನ್ನು ಕೊಟ್ಟು ಕೂತಿದ್ದೆ.

ಮೂರು ದಿನಕ್ಕೆ ತಲೆ ಸ್ವಚ್ಛವಾಯಿತು. ಅದು ನನಗೆ ಗೊತ್ತಿತ್ತು. ಆದರೂ ಇವರು ಶಾಲೆಯಿಂದ ಬರುವುದೇ ತಡ, ಬೇಕೆಂದೇ ಕೆರೆದುಕೊಳ್ಳುತ್ತಿದ್ದೆ. ಹೇನಿನ ಕಾಲೆಣಿಸುವುದರಲ್ಲಿ ಒಮ್ಮೆಯೂ ತಪ್ಪದ ಮನುಷ್ಯ, ಏನೂ ಇಲ್ಲದ ನನ್ನ ತಲೆಯಲ್ಲಿ ತಿಂಗಳುಗಟ್ಟಲೆ ಹುಡುಕಿದರು. ನಾನು ಏಳಲು ಹೋದಾಗಲೆಲ್ಲ ಅದೇ ಮಾತು:

"ತಡಿ, ಏಳಬ್ಯಾಡ. ಇನ್ನೊಂದು ಐತಿ."